ಮೂವತ್ತೇಳನೇ ನಂಬರಿನ ಫಾರ್ಮು

"ಬಾಯಿ ಊದು" ಅಂದರು ಹಿರಿಯಣ್ಣನವರು.

ಸುಂದ್ರವ್ವ ಊದಿದಳು.

ಹಿರಿಯಣ್ಣನವರು ಮೂಗನ್ನು ಅವಳ ಬಾಯಿಯ ಹತ್ತಿರ ತಂದರು. ತೀರ ಹತ್ತಿರ ತರಲಿಲ್ಲ, ಒಂದು ಗೇಣು ದೂರದಲ್ಲೇ ನಿಲ್ಲಿಸಿದರು. ಮುಟ್ಟಬಾರದು, ಆದರೆ ಮೂಸಬೇಕು. ಆ ಅಳತೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೂಸಿದ ಮೇಲೆ, "ಹ್ಞೂಂ, ಹೋಗು, ಕಸ ಹೊಡಿ" ಅಂದರು.

ಎಂಟು ತಿಂಗಳಿಂದ ದಿನಾ ಇದೇ ಕತೆ. ವಿಲೆ ಪಾರ್ಲೆ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಒಂದು ಹಳೇ ಬಿಲ್ಡಿಂಗು, ಮೊದಲ ಮಹಡಿಯಲ್ಲಿ ಎರಡು ಕೋಣೆ, ಬಾಗಿಲ ಮೇಲೆ 'ವ್ಯಸನ ನಿವಾರಣ ಸಂಘ' ಎಂಬ ಬೋರ್ಡು. ಬಡವರು ಯಾಕೆ ಕುಡಿಯುತ್ತಾರೆ ಎಂದು ಸಂಶೋಧನೆ ಮಾಡುವುದು, ಕುಡಿಯಬೇಡಿ ಎಂದು ಅವರಿಗೆ ತಿಳಿವಳಿಕೆ ಕೊಡುವುದು ಸಂಘದ ಕೆಲಸ. ಹಿರಿಯಣ್ಣನವರು ಅದರ ಕಾರ್ಯದರ್ಶಿ. ಮೈಸೂರು ಕಡೆಯವರು, ಬ್ಯಾಂಕಿನ ದೊಡ್ಡ ಹುದ್ದೆಯಿಂದ ರಿಟೈರಾದವರು. ಸಂಘದ ಕೆಲಸಗಾರರು ಕುಡಿದು ಬರಬಾರದು ಎಂಬ ನಿಯಮ ಅವರೇ ಮಾಡಿದ್ದು. ನಿಯಮ ಎಲ್ಲರಿಗೂ ಇತ್ತು. ಮೂಸುವುದು ಮಾತ್ರ ಒಬ್ಬಳನ್ನು.

ಪೋಸ್ಟರ್ ಬರೆಯುವ ನಾಣಿ ಒಮ್ಮೊಮ್ಮೆ ಬಾಗಿಲು ದಾಟುವ ಮೊದಲೇ ಅವನ ವಾಸನೆ ಬಾಗಿಲು ದಾಟಿರುತ್ತಿತ್ತು. ಅವನನ್ನು ಯಾರೂ ನಿಲ್ಲಿಸುತ್ತಿರಲಿಲ್ಲ. ಊರಿನಲ್ಲಿ ಪಾನನಿಷೇಧವಿದ್ದರೂ ಅವನ ಹತ್ತಿರ ಕುಡಿಯುವ ಪರ್ಮಿಟ್ ಇತ್ತು. ಡಾಕ್ಟರು ಚೀಟಿ ಬರೆದುಕೊಟ್ಟರೆ ಅದು ಸೆರೆಯಲ್ಲ, ಸಾರಾಯಿಯಲ್ಲ, ಔಷಧಿ. ಆ ಕಾಲದ ಮುಂಬಯಿಯಲ್ಲಿ ಬಡವ ಕುಡಿದರೆ ಅಪರಾಧ, ಉಳ್ಳವ ಕುಡಿದರೆ ಕಾಯಿಲೆ.

ಸುಂದ್ರವ್ವ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವಳಲ್ಲ. ಬೆಳಿಗ್ಗೆ ಐದಕ್ಕೆ ಮುಲುಂಡಿನ ನಾಲೆ ಬದಿಯ ಗುಡಿಸಲಿನಿಂದ ಹೊರಟು, ಲೋಕಲ್ ರೈಲು ಹಿಡಿದು, ದಾದರಿನಲ್ಲಿ ಸೇತುವೆ ಹತ್ತಿ ಇಳಿದು, ಇನ್ನೊಂದು ಲೋಕಲ್‌ನಲ್ಲಿ ನುಗ್ಗಿ ಬರುತ್ತಿದ್ದಳು. ಬಂದ ಕೂಡಲೆ ಬಾಯಿ ಊದಬೇಕು. ಆಮೇಲೆ ಕಸ, ನೀರು, ಮೆಟ್ಟಿಲು, ಕಕ್ಕಸು. ಕಪಾಟಿನಲ್ಲಿ ಒಂದು ಗಾಜಿನ ಭರಣಿ ಇತ್ತು. ಅದರೊಳಗೆ ಔಷಧಿ ನೀರಿನಲ್ಲಿ ಯಾವನೋ ಕುಡುಕನ ಲಿವರು ತೇಲುತ್ತಿತ್ತು. ಶಾಲೆ ಮಕ್ಕಳಿಗೆ ತೋರಿಸಿ ಹೆದರಿಸಲು ಇಟ್ಟದ್ದು. ಆ ಭರಣಿ ಒರೆಸುವುದೂ ಅವಳದೇ ಕೆಲಸ. ಭರಣಿಯ ಚೀಟಿಯ ಮೇಲೆ ರೋಗದ ಹೆಸರಿತ್ತು, ಸತ್ತವನ ಹೆಸರಿರಲಿಲ್ಲ.

ಅವಳ ಗಂಡ ಹಣಮಂತ ಸತ್ತದ್ದು ಹೋದ ವರ್ಷ, ಎಪ್ಪತ್ತೆರಡರ ಮೇ ತಿಂಗಳಲ್ಲಿ.

ಕಲಬುರ್ಗಿ ಕಡೆಯ ಹನ್ನೆರಡು ಜನರ ಗ್ಯಾಂಗು ಅವನದು. ಎಲ್ಲರೂ ಒಂದೇ ಕೇರಿಯವರು. ಊರಲ್ಲಿ ಸತ್ತ ದನ ಎಳೆಯುತ್ತಿದ್ದವರು ಮುಂಬಯಿಗೆ ಬಂದು ಗಟಾರ ಎಳೆದರು. ಜಾತಿ ಬಿಟ್ಟು ಹೋಗಲು ರೈಲು ಹತ್ತಿದ್ದರು, ಜಾತಿ ಟಿಕೆಟ್ಟಿಲ್ಲದೆ ಜೊತೆಗೇ ಬಂದಿತ್ತು. ಮುಲುಂಡಿನಲ್ಲಿ ಆಗ ಒಂದರ ಬೆನ್ನಿಗೊಂದು ಬಿಲ್ಡಿಂಗು ಏಳುತ್ತಿದ್ದವು. ಅವುಗಳ ಗಟಾರ ಬಳಿಯುವ ಗುತ್ತಿಗೆ ಒಬ್ಬ ಸೇಠನದು. ಸೇಠನ ಮುಕಾದಮ, ಅಂದರೆ ಕೂಲಿಗಳ ಮೇಸ್ತ್ರಿ, ಗುರಲಿಂಗಪ್ಪ, ಇವರದೇ ಸೀಮೆಯ ಮೇಲುಜಾತಿಯವನು. ಗ್ಯಾಂಗನ್ನು ಊರಿಂದ ಕರೆತಂದವನು ಅವನೇ. ಗುಡಿಸಲು ಹಾಕಲು ಜಾಗ ತೋರಿಸಿದವನೂ ಅವನೇ.

ಆ ಕೆಲಸಕ್ಕೂ ಒಂದು ರೀತಿ ಇದೆ. ಹಾರೆ ಹಾಕಿ ಎರಡು ಚೇಂಬರಿನ, ಅಂದರೆ ಗಟಾರದ ಗುಂಡಿಗಳ, ಮುಚ್ಚಳ ತೆಗೆಯಬೇಕು. ಒಂದು ತಾಸು ಹಾಗೇ ಬಿಡಬೇಕು. ಆಮೇಲೆ ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಒಳಗೆ ಗ್ಯಾಸಿದೆ, ಮನುಷ್ಯನೂ ಆರುತ್ತಾನೆ. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದಿರಬೇಕು. ಹಳಬರೆಲ್ಲ ಇದನ್ನು ಬಲ್ಲರು. ಗುರಲಿಂಗಪ್ಪನೂ ಬಲ್ಲ. ಆದರೆ ಮಳೆ ಬರುವುದರೊಳಗೆ ದಿನಕ್ಕೆ ಮೂರು ಬಿಲ್ಡಿಂಗು ಮುಗಿಯಬೇಕೆಂದು ಸೇಠ ಹೇಳಿದ್ದ. ತಾಸು ಕಾಯಲು ಗುರಲಿಂಗಪ್ಪನ ಹತ್ತಿರ ತಾಸು ಇರಲಿಲ್ಲ. ಬಾಟಲಿ ಇತ್ತು. ಪವಾಯಿ ಕೆರೆಯ ಆಚೆ ಕಾಡಿನಲ್ಲಿ ಕದ್ದು ಕಾಯಿಸಿದ ಸೆರೆ. ಬೆಳಿಗ್ಗೆ ಏಳಕ್ಕೆ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬನ ತಲೆ ಹಿಂದಕ್ಕೆ ಬಾಗಿಸಿ, ಪಾವಶೇರು ಬಾಯಿಗೆ ಸುರಿಯುತ್ತಿದ್ದ. ಮೂಗು ಸತ್ತರೆ ನಾತ ತಿಳಿಯುವುದಿಲ್ಲ. ನಾತ ತಿಳಿಯದಿದ್ದರೆ ಮನುಷ್ಯ ಇಳಿಯುತ್ತಾನೆ. ಒಳಗೆ ಗ್ಯಾಸಿದ್ದರೂ ಇಳಿಯುತ್ತಾನೆ.

ಹಣಮಂತ ಇಳಿದ. ಲಂಗೋಟಿಯಲ್ಲಿ ಇಳಿದ. ಸೊಂಟಕ್ಕೆ ಹಗ್ಗ ಇರಲಿಲ್ಲ. ನಾಲ್ಕನೇ ಮೆಟ್ಟಿಲಿನಲ್ಲಿ ಕೈ ಬಿಟ್ಟ. ಅವನ ತಮ್ಮ ರಾಮಪ್ಪ ಉಸಿರು ಕಟ್ಟಿಕೊಂಡು ತಲೆಕೆಳಗಾಗಿ ಬಗ್ಗಿ, ಕೂದಲು ಹಿಡಿದು ಮೇಲೆಳೆದ. ಬಂದದ್ದು ಹೆಣ. ಡಾಕ್ಟರು ಹೆಣದ ಬಾಯಿ ಮೂಸಿ ಬರೆದರು: ಕುಡಿದ ಅಮಲಿನಲ್ಲಿ ಗಟಾರಕ್ಕೆ ಬಿದ್ದು ಸಾವು. ಇಳಿದವನು ಕಾಗದದ ಮೇಲೆ ಬಿದ್ದವನಾದ. ಸೇಠ ಬಚಾವಾದ.

ಮೂರನೇ ದಿನ ಮಣ್ಣಿಗೆ ಎಡೆ ಇಡುವುದು ಇವರಲ್ಲಿ ರೂಢಿ. ಸತ್ತವನು ಏನು ತಿನ್ನುತ್ತಿದ್ದ, ಏನು ಕುಡಿಯುತ್ತಿದ್ದ, ಅದನ್ನು ಕುಣಿಯ ತಲೆದಿಕ್ಕಿಗೆ ಇಟ್ಟು ಕಳಿಸಬೇಕು. ಸುಂದ್ರವ್ವ ರೊಟ್ಟಿ, ಪುಂಡಿಪಲ್ಯ, ಬೀಡಿ ಒಯ್ದಿದ್ದಳು. ಬಾಟಲಿ ತಂದವನು ಗುರಲಿಂಗಪ್ಪ. ಕಣ್ಣೀರನ್ನೂ ತಂದಿದ್ದ. "ನನ್ನ ತಮ್ಮ ಇದ್ದಂಗಿದ್ದ ತಂಗಿ. ಬಾಯಿ ಒಣಗಿಸಿ ಕಳಸಬ್ಯಾಡ" ಅಂದ. ಸುಂದ್ರವ್ವ ಯೋಚಿಸಲಿಲ್ಲ. ಬಾಟಲಿ ಇಸಿದುಕೊಂಡು ಮಣ್ಣಿಗೆ ಸುರಿದಳು. ಸತ್ತ ಮೇಲೂ ಅವನೇ ಕುಡಿಸಿದ, ಅವಳ ಕೈಯಿಂದಲೇ ಕುಡಿಸಿದ. ಇದು ಹೊಳೆದದ್ದು ಬಹಳ ದಿನದ ಮೇಲೆ. ಹೊಳೆದ ದಿನ ಅವಳಿಗೆ ಊಟ ಇಳಿಯಲಿಲ್ಲ.

ಎಡೆ ಇಟ್ಟ ಆ ಹೊತ್ತಿಗೇ ಸಂಘದಿಂದ ವನಮಾಲಾ ಸಂಶೋಧನೆಯ ಫಾರ್ಮು ಹಿಡಿದುಕೊಂಡು ಬಸ್ತಿಗೆ ಬಂದಿದ್ದಳು. ಮೈಸೂರಿನ ಹುಡುಗಿ, ಎಂ.ಎ. ಓದಿದವಳು, ಕನ್ನಡ ಬಲ್ಲಳೆಂದೇ ಈ ಬಸ್ತಿಗೆ ಕಳಿಸಿದ್ದರು. ಮಣ್ಣಿನ ಹತ್ತಿರದವರೆಗೂ ಬಂದು, ದೂರದಲ್ಲಿ ನಿಂತು, ಹೆಂಡತಿ ಗಂಡನ ಕುಣಿಗೆ ಸೆರೆ ಸುರಿಯುವುದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಮರುದಿನ ಗುಡಿಸಲಿನ ಮುಂದೆ ಕೂತು ಒಂದು ತಾಸು ಸುಂದ್ರವ್ವನ ಮಾತು ಕೇಳಿದಳು. ಪೆನ್ಸಿಲ್ಲಿನಿಂದ ಬರೆದುಕೊಂಡಳು. ಮುಚ್ಚಳ, ಗ್ಯಾಸು, ಇಲ್ಲದ ಹಗ್ಗ, ಗುರಲಿಂಗಪ್ಪನ ಬಾಟಲಿ, ಎಲ್ಲವನ್ನೂ ಬರೆದುಕೊಂಡಳು. ಬರೆಯುತ್ತಾ ಅತ್ತಳು. ಸುಳ್ಳು ಅಳು ಅಲ್ಲ. ಒಳ್ಳೆಯ ಹುಡುಗಿ. ಒಳ್ಳೆಯವರಿಂದಲೇ ಬಡವರು ಹೆಚ್ಚು ಮೋಸ ಹೋಗುವುದು. ಸುಂದ್ರವ್ವನದು ಮೂವತ್ತೇಳನೇ ನಂಬರಿನ ಫಾರ್ಮು.

ತಿಂಗಳ ಮೇಲೆ ಸಂಘದಲ್ಲಿ ಕಸ ಹೊಡೆಯುವ ಕೆಲಸ ಕೊಡಿಸಿದವಳೂ ವನಮಾಲಾ. ಕಸದ ಜೊತೆ ಇನ್ನೊಂದು ಕೆಲಸವಿತ್ತು, ಅದಕ್ಕೆ ಹೆಸರಿರಲಿಲ್ಲ. ವನಮಾಲಾ ಒಬ್ಬಳೇ ಬಸ್ತಿಗೆ ಹೋದರೆ ಗಂಡಸರು ಗುಡಿಸಲಿನಿಂದ ಹೊರಗೆ ಬರುತ್ತಿರಲಿಲ್ಲ. ಸುಂದ್ರವ್ವ ಮುಂದೆ ನಡೆದರೆ ಬರುತ್ತಿದ್ದರು. ಮುಲುಂಡಿನ ನಾಲೆ, ಪವಾಯಿಯ ಕಲ್ಲಿನ ಖಾಣಿ, ಎಲ್ಲಾ ಕಡೆ ಅವಳೇ ಮುಂದೆ ನಡೆದಳು. "ಹೇಳ್ರಪ್ಪಾ, ನಮ್ಮ ಅಕ್ಕಾರದಾರ. ಬರಕೋತಾರ. ಬರದ್ರ ಮ್ಯಾಲಿನವ್ರಿಗೆ ಮುಟ್ತದ" ಎಂದಳು. ಅವಳ ಮುಖ ನೋಡಿ ಅವರು ಬಾಯಿ ಬಿಟ್ಟರು. ಯಾರು ಯಾವಾಗ ಕುಡಿಸಿದರು, ಕುಡಿಯದಿದ್ದರೆ ಹೇಗೆ ಕೆಲಸದಿಂದ ತೆಗೆದರು, ಬೆನ್ನಿನ ಬರೆ ಸಮೇತ ಹೇಳಿದರು. ನೂರಾ ಹನ್ನೆರಡು ಫಾರ್ಮು ತುಂಬಿದವು.

ಎಪ್ಪತ್ತಮೂರರ ಮಾರ್ಚಿಗೆ ಸಂಶೋಧನೆ ಮುಗಿಯಿತು. ಅದರ ಮೇಲೆ ಒಂದು ಪ್ರದರ್ಶನ ಮಾಡುವುದೆಂದು ತೀರ್ಮಾನವಾಯಿತು. ಪಾರ್ಲೆಯಲ್ಲಿ ಸಭೆ ನಡೆಸುವ ಒಂದು ಹಾಲು, ಭಾನುವಾರ ಬೆಳಿಗ್ಗೆ, ದೊಡ್ಡ ದೊಡ್ಡ ಜನ. ಸುಂದ್ರವ್ವ ಮೈಕಿನ ಮುಂದೆ ತನ್ನ ಕತೆ ಹೇಳಬೇಕು. ಆಮೇಲೆ ಅವಳ ಬಸ್ತಿಯ ಗಂಡಸರು ಅವಳು ಹೇಳಿಕೊಟ್ಟಂತೆ ಹೇಳಿ ಕುಡಿಯುವುದಿಲ್ಲವೆಂದು ಆಣೆ ಮಾಡಬೇಕು.

"ಬಾಯಿಪಾಠ ಮಾಡ್ಕೊ ಸುಂದ್ರವ್ವ" ಎಂದು ವನಮಾಲಾ ಕಾಗದ ಹಿಡಿದು ಕೂತಳು. "ನನ್ನ ಹೆಸರು ಸುಂದ್ರವ್ವ. ನನ್ನ ಗಂಡ ದಿನಾ ಕುಡೀತಿದ್ದ. ಒಂದಿನ ಕುಡಿದ ಅಮಲಲ್ಲಿ ಗಟಾರಕ್ಕೆ ಬಿದ್ದು ಸತ್ತ. ಅವನನ್ನ ಕೊಂದದ್ದು ಮದ್ಯ. ಹೇಳು ನೋಡೋಣ."

ಸುಂದ್ರವ್ವ ಹೇಳಲಿಲ್ಲ. "ಅಂವ ಬಿದ್ದಿಲ್ಲಲ್ರಿ ಅಕ್ಕಾರ. ಇಳದಿದ್ದ. ಇಳಸಿದ್ರು."

"ಗೊತ್ತು ಕಣೇ. ಆದ್ರೆ ಭಾಷಣ ಚಿಕ್ಕದಾಗಿರಬೇಕು."

"ಬಿದ್ದ ಅನ್ನೂದು, ಇಳಿಸಿದ್ರು ಅನ್ನೂದು, ಎರಡೂ ಅಷ್ಟ ಚಿಕ್ಕವಲ್ರಿ?"

ವನಮಾಲಾ ಕಾಗದ ಮಡಚಿದಳು, ಮತ್ತೆ ಬಿಚ್ಚಿದಳು.

"ನಾ ಹೇಳಿದ್ದು ಬರಕೊಂಡಿದ್ರಿ. ಪೆನ್ಸಿಲ್‌ಲೆ ಬರಕೊಂಡಿದ್ರಿ. ಅದೆಲ್ಲಿ ಹೋತ್ರಿ?"

ವನಮಾಲಾ ಎದ್ದು ಕಪಾಟಿನಿಂದ ಕಟ್ಟು ತೆಗೆದು ಮೂವತ್ತೇಳನೇ ಫಾರ್ಮು ಹುಡುಕಿದಳು. ಅದರಲ್ಲಿ ಪೆನ್ಸಿಲ್ಲಿರಲಿಲ್ಲ. ಎಲ್ಲಾ ಮಸಿಯಲ್ಲಿ, ಅಂದವಾಗಿ, ಇಂಗ್ಲಿಷಿನಲ್ಲಿ ಇತ್ತು. ಬಸ್ತಿಯಲ್ಲಿ ಪೆನ್ಸಿಲ್ಲಿನಲ್ಲಿ ತುಂಬಿ ತಂದದ್ದನ್ನು ಆಫೀಸಿನಲ್ಲಿ ಮಸಿಯಲ್ಲಿ ಚೊಕ್ಕ ನಕಲು ಮಾಡಿ, ಪೆನ್ಸಿಲ್ಲಿನ ಕಾಗದ ಹರಿದುಹಾಕುವುದು ಸಂಘದ ಪದ್ಧತಿ. ಆ ಹರಿದ ಚೂರುಗಳನ್ನು ಎಂಟು ತಿಂಗಳು ಗುಡಿಸಿ ಹೊರಗೆ ಚೆಲ್ಲಿದವಳು ಸುಂದ್ರವ್ವನೇ.

"ಇಲ್ಲಿ ನೋಡು" ಎಂದು ವನಮಾಲಾ ಬೆರಳಿಟ್ಟಳು. "ಕುಡಿತಕ್ಕೆ ಕಾರಣ ಅಂತ ಕೇಳಿದಾರೆ. ನಾಲ್ಕೇ ಕಾಲಂ. ಕೆಟ್ಟ ಸಹವಾಸ, ಮನೆಯ ದುಃಖ, ಮೈನೋವು, ಜಾತಿಯ ರೂಢಿ. ಯಾವುದಾದ್ರೂ ಒಂದಕ್ಕೆ ಗುರುತು ಹಾಕ್ಬೇಕು."

"ನನಗ ಯಾವದಕ್ಕ ಹಾಕೀರಿ?"

ವನಮಾಲಾ ತಡೆದು ಹೇಳಿದಳು. "ಜಾತಿಯ ರೂಢಿ. ಅವತ್ತು ಮಣ್ಣಿನ ಹತ್ರ ನೀನೇ ಸುರಿದಿದ್ದನ್ನ ನೋಡಿದ್ನಲ್ಲ. ನಿಮ್ಮಲ್ಲಿ ಅದು ಪದ್ಧತಿ ಅಂದ್ಕೊಂಡೆ."

"ಮುಕಾದಮ ಕುಡಿಸಿದ ಅಂತ ಹೇಳಿದ್ನಲ್ರಿ."

"ಆ ಕಾಲಂ ಇಲ್ಲ ಸುಂದ್ರವ್ವ."

"ಎಲ್ಲಾರಿಗೂ ಹಿಂಗ ಏನ್ರಿ? ನೂರಾ ಹನ್ನೆಲ್ಡು ಮಂದಿಗೂ?"

ವನಮಾಲಾ ಫಾರ್ಮನ್ನು ಕಟ್ಟಿನೊಳಗೆ ಸೇರಿಸುತ್ತ, "ಎಲ್ಲರಿಗೂ" ಅಂದಳು. ಸುಂದ್ರವ್ವ ಆ ಕಟ್ಟನ್ನೇ ನೋಡಿದಳು. ಹೇಳಿ ಎಂದು ಬಾಗಿಲು ಬಾಗಿಲಿಗೆ ಹೋಗಿ ನಿಂತವಳು ತಾನು. ಕುಡಿಸಿದವನ ಹೆಸರು ಹೇಳಲು ಆ ಜನ ಎಷ್ಟು ಹೆದರಿದ್ದರು ಎಂದು ಕಣ್ಣಾರೆ ಕಂಡವಳು ತಾನು. ಹೆದರಿಕೊಂಡೇ ಹೇಳಿದ್ದರು. ಅದೆಲ್ಲ ಕಸದ ಬುಟ್ಟಿ ಸೇರಿತ್ತು.

ಪಕ್ಕದ ಕೋಣೆಯಿಂದ ಹಿರಿಯಣ್ಣನವರು ಎದ್ದು ಬಂದರು. ಎಲ್ಲಾ ಕೇಳಿಸಿಕೊಂಡಿದ್ದರು.

"ನೋಡು ಸುಂದ್ರವ್ವ, ಇದು ಯೂನಿಯನ್ನಲ್ಲ. ನಾವು ಜಗಳ ಮಾಡೋರಲ್ಲ, ತಿಳಿವಳಿಕೆ ಕೊಡೋರು. ನಿನ್ನ ಗಂಡ ಕುಡಿದಿದ್ದನೋ ಇಲ್ಲವೋ?"

"ಕುಡದಿದ್ದ ಸಾಹೇಬ್ರ."

"ಮತ್ತೆ? ಸುಳ್ಳೇನು ಹೇಳಿಸ್ತಿದೀವಿ?"

"ಕುಡಿಲಾರ್ದೆ ಯಾರ್‍ಯಾರು ಇಳಿತಾರ್ರಿ ಅದರಾಗ? ನೀವು ಇಳಿತೀರೇನ್ರಿ?"

ಹಿರಿಯಣ್ಣನವರ ಮುಖ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ. ದೊಡ್ಡವರ ಸಿಟ್ಟು ತಣ್ಣಗಿರುತ್ತದೆ, ಹಾವಿನ ಮೈ ಇದ್ದ ಹಾಗೆ. "ಹಾಲಿನ ಬಾಡಿಗೆ, ಊಟ, ವರದಿಯ ಅಚ್ಚು, ಎಲ್ಲಾ ನಿಮ್ಮ ಗಟಾರದ ಗುತ್ತಿಗೆಯ ಸೇಠರೇ ನೋಡ್ಕೋತಿದಾರೆ. ಭಾನುವಾರ ಅವರೇ ದೀಪ ಹಚ್ಚೋರು. ನಾವು ಬರೆದುಕೊಟ್ಟಷ್ಟು ಹೇಳು. ಏಪ್ರಿಲ್‌ನಿಂದ ನಿನ್ನ ಕೆಲಸ ಪರ್ಮನೆಂಟ್ ಮಾಡ್ತೀನಿ. ಹೇಳಲ್ಲ ಅಂದ್ರೆ ಸೋಮವಾರ ಬರಬೇಡ."

ಸುಂದ್ರವ್ವ ಹೇಳುತ್ತೇನೆ ಎನ್ನಲಿಲ್ಲ, ಹೇಳುವುದಿಲ್ಲ ಎಂದೂ ಅನ್ನಲಿಲ್ಲ. ಪೊರಕೆ ಎತ್ತಿಕೊಂಡಳು. ವನಮಾಲಾ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದಳು, "ಹಣಮಂತನದು ಒಂದು ಅಂಗಿ ಇದ್ರೆ ತಂದ್ಕೊಡ್ತೀಯಾ? ಪ್ರದರ್ಶನದಲ್ಲಿ ಇಡೋಕೆ." ಅವನ ಹೆಸರು ಬರೆದು ತೂಗುಹಾಕಬಹುದು, ಅಷ್ಟಾದರೂ ಆಗಲಿ ಎಂದು ಸುಂದ್ರವ್ವ ಮರುದಿನ ಅಂಗಿ ತಂದುಕೊಟ್ಟಳು.

ಶನಿವಾರ ಸಂಜೆ ಗುಡಿಸಲಿಗೆ ಬಂದಾಗ ರಾಮಪ್ಪ ಹೊಸ್ತಿಲಲ್ಲಿ ಕೂತಿದ್ದ. ಗ್ಯಾಂಗಿನಲ್ಲಿ ಈಗ ಹನ್ನೊಂದು ಜನ.

"ಅತ್ತಿಗಿ, ನಾಳಿ ನಿಮ್ಮ ಸಭಾಕ್ಕ ನಾವೂ ಬರಬೇಕಂತ. ಮುಕಾದಮನ ಹುಕುಂ. ಕುಡಿಯಂಗಿಲ್ಲ ಅಂತ ಆಣಿ ಮಾಡಬೇಕಂತ." ಅವನು ಉಗುಳಿದ. "ಇವತ್ತ ಮುಂಜಾನಿ ಬಾಯಾಗ ಸುರುವಿದಂವ ಅವನೇ."

ಸುಂದ್ರವ್ವ ನಡೆದದ್ದನ್ನೆಲ್ಲ ಹೇಳಿದಳು. ರಾಮಪ್ಪ ಹೊಸ್ತಿಲಿನಿಂದ ಎದ್ದು ನಿಂತ.

"ನೀ ಕರಕೊಂಡ ಬಂದಿ ಅಂತ ನಾವು ಬಾಯಿ ಬಿಟ್ಟಿವಿ ಅತ್ತಿಗಿ. ಬ್ಯಾರೆ ಯಾರರೆ ಬಂದಿದ್ರ ಬಿಡ್ತಿದ್ದಿಲ್ಲ."

ಅವನು ಮಾತಿನ ಬದಲು ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು.

"ಇನ್ನೊಂದ ಮಾತು" ಅಂದ ರಾಮಪ್ಪ. "ಸೋಮವಾರ ಅದ ಚೇಂಬರ್ ತೆಗೀತಾರ. ಅಣ್ಣ ಸತ್ತಿದ್ದು. ತುಂಬಿ ಬಂದದಂತ. ಪೈಲಾ ಇಳಿಯಂವ ನಾ."

"ತಾಸು ಬಿಡ್ತಾರೇನು?"

"ಯಾಕ ಬಿಡ್ತಾರ? ಆ ಚೇಂಬರಿನಾಗ ಗ್ಯಾಸಿತ್ತು ಅಂತ ಎಲ್ಲಿ ಬರದದ? ಕುಡದು ಬಿದ್ದ ಅಂತ ಬರದದ."

ಸುಂದ್ರವ್ವ ಒಲೆ ಹಚ್ಚಲಿಲ್ಲ. ಅವಳಿಗೆ ಈಗ ಲೆಕ್ಕ ಪೂರಾ ತಿಳಿಯಿತು. ಹಣಮಂತನನ್ನು ಕೊಂದದ್ದು ಸೆರೆಯೆಂದು ಅವಳೇ ಮೈಕಿನಲ್ಲಿ ಹೇಳಿದರೆ, ಚೇಂಬರಿನ ಮೇಲೆ ತಪ್ಪಿಲ್ಲ. ತಪ್ಪಿಲ್ಲದ ಚೇಂಬರಿಗೆ ಇನ್ನೊಬ್ಬನನ್ನು ಇಳಿಸಬಹುದು. ಹೆಣ ಬಂದರೆ ಆ ಹೆಣದ ಬಾಯನ್ನೂ ಮೂಸಬಹುದು. ಅವಳ ನಾಲ್ಕು ಮಾತಿನ ಮೇಲೆ ರಾಮಪ್ಪನ ಜೀವ ನಿಂತಿತ್ತು.

"ಇಳಿಯಬ್ಯಾಡ" ಅಂದಳು.

"ನಾ ಒಬ್ಬಂವ ಒಲ್ಲೆ ಅಂದ್ರ ಗುಡಿಸಲಾ ಕಿತ್ತು ಒಗೀತಾನ. ಬಾಜೂಕಿನಂವ ಇಳೀತಾನ. ಹನ್ನೊಂದೂ ಮಂದಿ ಒಲ್ಲೆ ಅಂದ್ರ ಮಾತು ಬ್ಯಾರೆ. ಹನ್ನೊಂದು ಮಂದಿ ಬಾಯಿಲೆ ಒಂದ ಮಾತು ಯಾರು ಹೊರಡಸ್ತಾರ?"

ಭಾನುವಾರ ಹನ್ನೊಂದು ಜನ ತೊಳೆದ ಅಂಗಿ ಹಾಕಿಕೊಂಡು ಪಾರ್ಲೆಗೆ ಬಂದರು. ಗುರಲಿಂಗಪ್ಪ ರೇಶ್ಮೆ ರುಮಾಲು ಸುತ್ತಿಕೊಂಡು ಮುಂದೆ ನಡೆದಿದ್ದ. ಹಾಲಿನ ಬಾಗಿಲಲ್ಲಿ ಹಿರಿಯಣ್ಣನವರು ಅವರನ್ನು ಸಾಲಾಗಿ ನಿಲ್ಲಿಸಿದರು. ಆಣೆ ಮಾಡುವವರು ಕುಡಿದು ಬಂದಿರಬಾರದಲ್ಲ. "ಊದು." "ನೀನು ಊದು." "ಬಾಯಿ ಅಗಲ ತೆಗಿ." ಒಳಗೆ ಹೋಗುತ್ತಿದ್ದ ಹೆಂಗಸರು ನಿಂತು ನೋಡಿದರು. ಒಬ್ಬಾಕೆ ಮೂಗಿಗೆ ಕರ್ಚೀಫು ಹಿಡಿದಳು. ಹನ್ನೊಂದು ಗಂಡಸರು, ಮೀಸೆ ನರೆತವರು, ಮಕ್ಕಳ ತಂದೆಯರು, ಬಾಯಿ ತೆರೆದು ನಿಂತರು. ಅವರ ಕಿವಿಗಳು ಕೆಂಪಾಗಿದ್ದವು. ಸುಂದ್ರವ್ವ ನೋಡಲಾರದೆ ಒಳಗೆ ಹೋದಳು.

ಒಳಗೆ ಗೋಡೆಯ ತುಂಬ ಪೋಸ್ಟರು. ಮೂಲೆಯಲ್ಲಿ ಲಿವರಿನ ಭರಣಿ. ಹಾಲಿನ ನಡುವೆ ಹಲಗೆ, ಸಿಮೆಂಟಿನಲ್ಲಿ ನಾಣಿ ಮಾಡಿದ ಒಂದು ಗಟಾರ. ಗಟಾರದಲ್ಲಿ ಪ್ಲಾಸ್ಟರಿನ ಗೊಂಬೆ ಅಂಗಾತ ಬಿದ್ದಿತ್ತು. ಬಾಯಿ ತೆರೆದಿತ್ತು, ಕೈಯಲ್ಲಿ ಬಾಟಲಿ ಇತ್ತು. ಮೈಮೇಲೆ ಹಣಮಂತನ ಅಂಗಿ. ಬಿಳೀ ಗೆರೆಯ ನೀಲಿ ಅಂಗಿ. ಅದರ ತುಂಬ ಕೆಸರು ಬಳಿದಿದ್ದರು.

"ನ್ಯಾಚುರಲ್ ಆಗಿ ಬಂದಿದೆ ಅಲ್ವಾ?" ಅಂದ ನಾಣಿ, ಕೈ ಒರೆಸಿಕೊಳ್ಳುತ್ತ.

ಹಣಮಂತ ಇಳಿಯುವ ಮೊದಲು ಅಂಗಿ ಬಿಚ್ಚುತ್ತಿದ್ದ. ಮಡಚಿ, ರಸ್ತೆ ಬದಿಗೆ ಕಲ್ಲಿನ ಕೆಳಗೆ ಇಡುತ್ತಿದ್ದ. ಮೇಲೆ ಬಂದು, ಯಾವನಾದರೂ ವಾಚ್‌ಮನ್ನಿನ ಕಾಲು ಹಿಡಿದು ನಳದಲ್ಲಿ ಮೈ ತೊಳೆದುಕೊಂಡು, ಆಮೇಲೆ ತೊಡುತ್ತಿದ್ದ. ನಾಲ್ಕು ವರ್ಷದಲ್ಲಿ ಗಟಾರದ ಒಂದು ಹನಿ ಆ ಅಂಗಿಗೆ ತಾಗಿಸಿರಲಿಲ್ಲ. ಸತ್ತ ದಿನವೂ ಅಂಗಿ ಕಲ್ಲಿನ ಕೆಳಗೆ ಚೊಕ್ಕಟವಾಗಿತ್ತು.

ಸುಂದ್ರವ್ವ ಗಟಾರದೊಳಗೆ ಕಾಲಿಟ್ಟಳು. ಗೊಂಬೆಯನ್ನು ಎತ್ತಿ ಕೂಡಿಸಿ, ಒಂದೊಂದೇ ಗುಂಡಿ ಬಿಚ್ಚಿದಳು. ನಾಣಿ "ಏ, ಏ, ಏನ್ ಮಾಡ್ತಿದೀಯ?" ಎಂದು ಕೂಗಿಕೊಂಡ. ಅವಳು ಅಂಗಿ ಕಳಚಿ, ಮಡಚಿ, ಕಂಕುಳಲ್ಲಿ ಇರುಕಿಕೊಂಡಳು. ಅಷ್ಟರಲ್ಲಿ ಸೇಠನ ಕಾರು ಬಂತು. ಎಲ್ಲರೂ ಬಾಗಿಲಿಗೆ ಓಡಿದರು. ಪ್ಲಾಸ್ಟರಿನ ಕುಡುಕ ಬತ್ತಲೆಯಾಗಿ ಉಳಿದ.

ಸೇಠ ದೀಪ ಹಚ್ಚಿದ. ಬಿಳೀ ಬಟ್ಟೆ, ಕೈ ತುಂಬ ಉಂಗುರ. ಹಿಂದಿಯಲ್ಲಿ ಎರಡು ಮಾತಾಡಿ, ಬಡವರ ಮನೆಯ ದೀಪ ಆರಿಸುವುದು ದಾರೂ ಎಂದ. ಜನ ಚಪ್ಪಾಳೆ ತಟ್ಟಿದರು. ಬಂದವರಲ್ಲಿ ಹೆಚ್ಚಿನವರು ಗುಜರಾತಿಗಳು, ಮರಾಠಿಗಳು. ಹನ್ನೊಂದು ಜನ ಹಿಂದೆ ನೆಲದ ಮೇಲೆ ಕೂತಿದ್ದರು, ಕುರ್ಚಿಗಳು ಮುಂದೆ ಖಾಲಿ ಇದ್ದರೂ.

ಸುಂದ್ರವ್ವನನ್ನು ಮೈಕಿನ ಮುಂದೆ ನಿಲ್ಲಿಸಿದರು. ಪಕ್ಕದಲ್ಲಿ ವನಮಾಲಾ, ಅವಳ ಕನ್ನಡವನ್ನು ಹಿಂದಿಯಲ್ಲಿ ಹೇಳಲು.

"ನನ್ನ ಹೆಸರು ಸುಂದ್ರವ್ವ" ಅಂದಳು. ಕಂಕುಳಿನ ಅಂಗಿಯನ್ನು ಒತ್ತಿ ಹಿಡಿದಳು. "ನನ್ನ ಗಂಡನ ಹೆಸರು ಹಣಮಂತ. ಗಟಾರಕ್ಕ ಇಳಿಸಿ ಕೊಂದ್ರು. ಇಳಿಸೂ ಮೊದಲು ಕುಡಿಸಿದ್ರು."

ವನಮಾಲಾ ಬಾಯಿ ತೆರೆದಳು. ಹಿರಿಯಣ್ಣನವರ ಕಡೆ ನೋಡಿದಳು. ಅವರು ಕಣ್ಣಿನಲ್ಲೇ ಏನೋ ಹೇಳಿದರು. ವನಮಾಲಾ ಹಿಂದಿಯಲ್ಲಿ ಹೇಳಿದಳು: ಇವಳ ಗಂಡ ಮದ್ಯದಿಂದಾಗಿ ಗಟಾರದಲ್ಲಿ ಪ್ರಾಣ ಬಿಟ್ಟ.

ಮುಂದಿನ ಸಾಲಿನ ಹೆಂಗಸರು ಛೇ ಛೇ ಎಂದರು. ಸುಂದ್ರವ್ವ ಐದು ವರ್ಷದಿಂದ ಮುಂಬಯಿಯ ಲೋಕಲ್‌ನಲ್ಲಿ ಗುದ್ದಾಡಿದವಳು. ಅಷ್ಟು ಹಿಂದಿ ಅವಳಿಗೆ ಬರುತ್ತಿತ್ತು. ಪೆನ್ಸಿಲ್ಲು ಮಸಿಯಾಗುವುದನ್ನು ಈಗ ಕಣ್ಣೆದುರೇ ಕಂಡಳು. ಇನ್ನು ಏನು ಹೇಳಿದರೂ ಅದು ಅವರ ಕಾಲಮ್ಮಿಗೇ ಹೋಗಿ ಬೀಳುತ್ತದೆ. ಅವಳು ಹಿಂದೆ ಕೂತಿದ್ದ ಹನ್ನೊಂದು ಜನರ ಕಡೆ ನೋಡಿದಳು.

"ಸಾಕು, ಸಾಕು. ಆಣೆ, ಆಣೆ" ಎಂದು ಹಿರಿಯಣ್ಣನವರು ಹಿಂದಿನಿಂದ ಅವಸರ ಮಾಡಿದರು. ಹನ್ನೊಂದು ಜನ ಎದ್ದು ನಿಂತು ಬಲಗೈ ಮುಂದೆ ಚಾಚಿದರು.

"ಏನ್ರಪ್ಪಾ, ನಾ ಅಂದಂಗ ಅನ್ರಿ" ಅಂದಳು ಸುಂದ್ರವ್ವ. "ಇವತ್ತಿನಿಂದ ನಾವು ಸೆರಿ ಕುಡಿಯಂಗಿಲ್ಲ."

"ಇವತ್ತಿನಿಂದ ನಾವು ಸೆರಿ ಕುಡಿಯಂಗಿಲ್ಲ." ಹನ್ನೊಂದು ದನಿ.

"ಯಾರು ಕುಡಿಸಿದ್ರೂ ಕುಡಿಯಂಗಿಲ್ಲ."

"ಯಾರು ಕುಡಿಸಿದ್ರೂ ಕುಡಿಯಂಗಿಲ್ಲ."

"ಮುಕಾದಮ ಬಾಟ್ಲಿ ಹಿಡಕೊಂಡು ಬಂದ್ರ ಬಾಯಿ ತೆಗಿಯಂಗಿಲ್ಲ."

ಗೋಡೆಗೆ ಒರಗಿ ನಿಂತಿದ್ದ ಗುರಲಿಂಗಪ್ಪ ಸೆಟೆದು ನಿಂತ. ಹನ್ನೊಂದು ಜನರಲ್ಲಿ ಒಬ್ಬನೂ ಉಸಿರೆತ್ತಲಿಲ್ಲ. ಗುರಲಿಂಗಪ್ಪ ಒಬ್ಬೊಬ್ಬನ ಮುಖವನ್ನೂ ಗುರುತಿಟ್ಟುಕೊಳ್ಳುವವನ ಹಾಗೆ ನೋಡುತ್ತಾ ಹೋದ. ಚಾಚಿದ ಕೈಗಳಲ್ಲಿ ಒಂದೆರಡು ಇಳಿಯತೊಡಗಿದವು.

ಸುಂದ್ರವ್ವ ಕಾದಳು. ಜೀವಮಾನದಲ್ಲಿ ಅಷ್ಟು ಉದ್ದನೆಯ ಹೊತ್ತನ್ನು ಅವಳು ಕಂಡಿರಲಿಲ್ಲ.

"ಮುಕಾದಮ" ಎಂದ ರಾಮಪ್ಪ. ಕೆಮ್ಮಿ, ಮತ್ತೆ ಹೇಳಿದ. "ಮುಕಾದಮ ಬಾಟ್ಲಿ ಹಿಡಕೊಂಡು ಬಂದ್ರ ಬಾಯಿ ತೆಗಿಯಂಗಿಲ್ಲ."

ಅವನ ಪಕ್ಕದವನು ಹೇಳಿದ. ಅವನ ಪಕ್ಕದವನೂ ಹೇಳಿದ. ಆಮೇಲೆ ಯಾರು ಮೊದಲು, ಯಾರು ಹಿಂದೆ ಎಂದು ತಿಳಿಯಲಿಲ್ಲ.

"ಕುಡಿಲಾರ್ದೆ ಗಟಾರಕ್ಕ ಇಳಿಯೂದು ಮನಷ್ಯಾನಿಂದ ಆಗಂಗಿಲ್ಲ" ಅಂದಳು ಸುಂದ್ರವ್ವ. "ಅದಕ್ಕ ನಾಳಿಯಿಂದ ಇಳಿಯಂಗಿಲ್ಲ!"

"ಇಳಿಯಂಗಿಲ್ಲ!"

"ಇಳಿಯಂಗಿಲ್ಲ!"

ಸಭೆಯ ಹಾಲೆಲ್ಲ ಗದ್ದರಿಸಿತು. ಕನ್ನಡ ಬಾರದ ಜನಕ್ಕೆ ಮೈಮೇಲೆ ಮುಳ್ಳೆದ್ದಿತು. ಎಂಥ ಆವೇಶ, ಎಂಥ ಮನಃಪರಿವರ್ತನೆ! ಒಬ್ಬಾಕೆ ಕಣ್ಣೊರೆಸಿಕೊಂಡಳು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಸೇಠ, ಉಂಗುರಗಳು ಒಂದಕ್ಕೊಂದು ತಾಗಿ ಸದ್ದಾಗುವ ಹಾಗೆ. ಬೆಪ್ಪಾಗಿ ನಿಂತವರು ಕನ್ನಡ ಬಲ್ಲ ನಾಲ್ವರೇ, ಗುರಲಿಂಗಪ್ಪ, ಹಿರಿಯಣ್ಣ, ವನಮಾಲಾ, ನಾಣಿ.

"ವಾಹ್!" ಎಂದು ಸೇಠ ಹಿರಿಯಣ್ಣನವರ ಕಡೆ ತಿರುಗಿದ. "ಕ್ಯಾ ಬೋಲೇ ಯೇ ಲೋಗ್?"

ಹಿರಿಯಣ್ಣನವರು ಹಣೆಯ ಬೆವರು ಒರೆಸಿಕೊಂಡು, ಕುಡಿಯುವುದಿಲ್ಲ ಎಂಬ ಅರ್ಧವನ್ನಷ್ಟೇ ಹೇಳಿದರು. "ಬೋಲೇ ಕಿ... ಆಜ್ ಸೇ ನಹೀಂ ಪೀಯೇಂಗೇ."

"ಬಹುತ್ ಅಚ್ಛೇ" ಎಂದು ಸೇಠ ಮತ್ತೆ ಕೈ ಎತ್ತಿದ.

ಸುಂದ್ರವ್ವ ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು. ವನಮಾಲಾಳ ಕಡೆ ನೋಡಲಿಲ್ಲ. ಅವಳ ಹಿಂದಿ ಒಡಕು ಹಿಂದಿ, ಲೋಕಲ್ ಡಬ್ಬಿಯ ಹಿಂದಿ. ಆದರೆ ಅದಕ್ಕೆ ಚೊಕ್ಕ ನಕಲು ಬೇಕಿರಲಿಲ್ಲ.

"ಸೇಠ್, ಸಾಬ್ ಆಧಾ ಬೋಲಾ. ಬಾಕಿ ಆಧಾ ಮೈ ಬೋಲ್ತಿ. ಕಲ್ ಸೇ ತುಮ್ಹಾರಾ ಗಟರ್ ಮೇ ಕೋಯಿ ನಹೀ ಉತರೇಗಾ. ತುಮ್ಹಾರಾ ಮುಕಾದಮ್ ಕೋ ಉತಾರೋ. ಪೈಲೇ ಉಸಕೋ ಪಿಲಾನಾ, ಭೂಲನಾ ನಹೀ."

ನಾಳೆಯಿಂದ ಗಟಾರಕ್ಕೆ ಯಾರೂ ಇಳಿಯುವುದಿಲ್ಲ, ಮುಕಾದಮನನ್ನೇ ಕುಡಿಸಿ ಇಳಿಸು ಎಂಬುದನ್ನು ಕೇಳಿ ಸೇಠನ ಎತ್ತಿದ ಕೈ ಹಾಗೇ ನಿಂತಿತು. ಈ ಸಲ ಹಾಲಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು.